ತರುಣ ಥಾಮಸ್ ಮನ್ರೋ ಕಂಡ ಇಂಡಿಯಾ, 1780–1790: ಪದೇ ಪದೇ ಕೇಳುವ ಪ್ರಶ್ನೆಗಳು

ಥಾಮಸ್ ಮನ್ರೋ ಎಂಬ ಹೆಸರನ್ನು ಕನ್ನಡಿಗರು ರೈತವಾರಿ ಪದ್ಧತಿಯ ಪಾಠದಲ್ಲಿ, ಬಳ್ಳಾರಿ ಸೀಮೆಯ ಚರಿತ್ರೆಯಲ್ಲಿ ಅಥವಾ ಮಂತ್ರಾಲಯದ ರಾಯರ ಮಹಿಮೆಯ ಕಥೆಯಲ್ಲಿ ಕೇಳಿರುತ್ತಾರೆ. ಅಲ್ಲೆಲ್ಲ ಎದುರಾಗುವವನು ನಡುವಯಸ್ಸಿನ, ಅಧಿಕಾರಸ್ಥ ಮನ್ರೋ. ಈ ಪುಟದ ವಿಷಯ ಅದಕ್ಕಿಂತ ಹಿಂದಿನದು. ಹದಿನೆಂಟರ ಹರೆಯದಲ್ಲಿ ಮದರಾಸಿಗೆ ಬಂದಿಳಿದ ಸ್ಕಾಟ್ಲೆಂಡಿನ ಹುಡುಗನೊಬ್ಬ ಮೊದಲ ಹತ್ತು ವರ್ಷಗಳಲ್ಲಿ ಈ ನಾಡನ್ನು ಹೇಗೆ ಕಂಡನು, ತಾಯಿತಂದೆಗೂ ತಂಗಿಗೂ ಏನೆಂದು ಬರೆದನು ಎಂಬುದರ ಸುತ್ತ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಮನ್ರೋ ಇಂಡಿಯಾಕ್ಕೆ ಬಂದದ್ದು ಏಕೆ? ಸಾಹಸದ ಹುಚ್ಚಿನಿಂದಲೇ?

ಹುಚ್ಚು ಸ್ವಲ್ಪ ಇತ್ತು, ಆದರೆ ದೂಡಿದ್ದು ಮನೆಯ ಕಷ್ಟ. ಅವನು ಹುಟ್ಟಿದ್ದು 1761ರ ಮೇ 27ರಂದು, ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕ. ಆ ಕಾಲದ ಗ್ಲಾಸ್ಗೋದ ಸಿರಿವಂತಿಕೆಯೆಲ್ಲ ಹೊಗೆಸೊಪ್ಪಿನ ವ್ಯಾಪಾರದ ಮೇಲೆ ನಿಂತಿತ್ತು. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ವಿರುದ್ಧ ದಂಗೆಯೆದ್ದಾಗ ಆ ವ್ಯಾಪಾರ ಕುಸಿಯಿತು. ಅದರೊಡನೆ ಮನ್ರೋ ಮನೆತನವೂ ಕುಸಿಯಿತು. ವಿಶ್ವವಿದ್ಯಾಲಯದಲ್ಲಿ ಓದಿ, ವರ್ತಕರ ಕಚೇರಿಯಲ್ಲಿ ಲೆಕ್ಕ ಬರೆಯಲು ಕಲಿತಿದ್ದ ಹುಡುಗನಿಗೆ ಊರಿನಲ್ಲಿ ದಾರಿ ಉಳಿಯಲಿಲ್ಲ. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರಲ್ಲಿ ಕಿರಿಯ ನಾವಿಕನ ಕೆಲಸವೂ, ಬಳಿಕ ಕಂಪನಿಯ ಮದರಾಸು ಸೈನ್ಯದಲ್ಲಿ ಕೆಡೆಟ್ (ಅಧಿಕಾರಿಯಾಗಲು ತರಬೇತಿಯಲ್ಲಿರುವವನ) ಹುದ್ದೆಯೂ ದೊರೆತವು. ಒಂದು ಖಂಡದಲ್ಲಿ ಬ್ರಿಟಿಷ್ ಅಧಿಕಾರ ಮುರಿದುಬಿದ್ದುದರಿಂದ ಮನೆ ಕಳೆದುಕೊಂಡವನು, ಅದೇ ಅಧಿಕಾರ ಬೆಳೆಯುತ್ತಿದ್ದ ಇನ್ನೊಂದು ಖಂಡಕ್ಕೆ ಅನ್ನ ಹುಡುಕಿಕೊಂಡು ಬಂದನು ಎನ್ನಬಹುದು.

ಹಡಗಿನಿಂದ ಇಳಿದಾಗ ಹೊಸಬನಿಗೆ ಮೊದಲು ಕಾಣುತ್ತಿದ್ದುದು ಏನು?

ಮನ್ರೋ ಮದರಾಸು ತಲುಪಿದ್ದು 1780ರ ಜನವರಿ 15ರಂದು. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ ಸುಮಾರು ತೊಂಬತ್ತು ವರ್ಷಗಳಿದ್ದವು. ಆಫ್ರಿಕದ ದಕ್ಷಿಣದ ತುದಿಯನ್ನು ಸುತ್ತಿ ಬರಲು ಆರು ತಿಂಗಳೋ ಅದಕ್ಕೂ ಹೆಚ್ಚೋ ಹಿಡಿಯುತ್ತಿದ್ದುದರಿಂದ, ಮನೆಗೆ ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರ ಬರುವಷ್ಟರಲ್ಲಿ ವರ್ಷ ಕಳೆದು ಹೋಗುತ್ತಿತ್ತು. ಇವನ ಪತ್ರಗಳು ಅಷ್ಟು ಉದ್ದವಾಗಿರುವುದಕ್ಕೆ ಅದೂ ಒಂದು ಕಾರಣ.

ಮದರಾಸಿಗೆ ಆಗ ಬಂದರು ಎಂಬುದೇ ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಅಲೆಗಳು ಸಾಲುಸಾಲಾಗಿ ಒಡೆಯುವ ದಡಕ್ಕೆ ಯೂರೋಪಿನ ಗಟ್ಟಿ ದೋಣಿಯನ್ನು ತಂದರೆ ಅದು ನುಚ್ಚುನೂರಾಗುತ್ತಿತ್ತು. ಆದ್ದರಿಂದ ಒಂದೂ ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ಸ್ಥಳೀಯ ಬೆಸ್ತರು ಪ್ರಯಾಣಿಕರನ್ನು ದಡಕ್ಕೆ ತರುತ್ತಿದ್ದರು. ಅಲೆಯ ಹೊಡೆತಕ್ಕೆ ಆ ದೋಣಿ ಬಾಗುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಮರದ ದಿಮ್ಮಿಗಳನ್ನು ಕಟ್ಟಿದ ಕಟ್ಟುಮರದ ಮೇಲೆ ಕುಳಿತು ಪತ್ರಗಳನ್ನು ಹಡಗಿಗೆ ಮುಟ್ಟಿಸುವವರೂ ಇದ್ದರು. ಆಳಲು ಬಂದವರು ತಮ್ಮ ಪ್ರಾಣವನ್ನು ಈ ನೆಲದವರ ಕೈಗೆ ಒಪ್ಪಿಸಿಯೇ ಕಾಲಿಡಬೇಕಾಗಿತ್ತು ಎಂಬುದು ಅಲ್ಲಿ ಯಾರಿಗೂ ವಿಶೇಷವಾಗಿ ತೋರಿದಂತಿಲ್ಲ.

ಬಂದ ಕೂಡಲೇ ಅವನ ಬಟ್ಟೆಬರೆ ಕಳುವಾಯಿತು ಎನ್ನುವುದು ನಿಜವೇ?

ನಿಜ, ಅವನೇ ಬರೆದುಕೊಂಡ ಸಂಗತಿ. ಹೊಸ ಕೆಡೆಟ್‌ಗಳನ್ನು ಹುಡುಕಿಕೊಂಡು, ಹಳೆಯ ದೊರೆಗಳು ಬರೆದುಕೊಟ್ಟರೆಂಬ ಶಿಫಾರಸು ಪತ್ರಗಳ ಕಟ್ಟಿನೊಡನೆ ದುಬಾಶಿಗಳೂ (ಎರಡು ಭಾಷೆ ಬಲ್ಲ ಮಧ್ಯವರ್ತಿಗಳು) ಸೇವಕರೂ ದಡದಲ್ಲಿ ಕಾಯುತ್ತಿದ್ದರು. ಬಿಳಿಯ ಉಡುಪಿನ, ಗಂಭೀರ ಮುಖದ ಅಂಥವನೊಬ್ಬನು ಮನ್ರೋನ ಪೆಟ್ಟಿಗೆಯನ್ನು ತೆರೆಸಿ ನೋಡಿ, ಈ ಬಟ್ಟೆಗಳನ್ನು ಈ ದೇಶದಲ್ಲಿ ಯಾರೂ ತೊಡುವುದಿಲ್ಲ, ತಾನು ತಕ್ಕದ್ದನ್ನು ಒದಗಿಸುತ್ತೇನೆ ಎಂದು ನಂಬಿಸಿ, ಬಟ್ಟೆಯನ್ನೂ ಕೈಯಲ್ಲಿದ್ದ ಹಣವನ್ನೂ ತೆಗೆದುಕೊಂಡು ಹೋದವನು ಮರಳಲಿಲ್ಲ. ಹೊಸಬನು ಮೈಮೇಲಿದ್ದ ಬಟ್ಟೆಯಲ್ಲೇ ಉಳಿದು, ಮತ್ತೆ ಒಂದಿಷ್ಟು ಉಡುಪು ಹೊಲಿಸಿಕೊಳ್ಳಲು ತಿಂಗಳುಗಟ್ಟಲೆ ಹಣ ಕೂಡಿಡಬೇಕಾಯಿತು.

ಇಂಥ ಅನುಭವದಿಂದ ಎಷ್ಟೋ ಮಂದಿ ಯೂರೋಪಿಯನ್ನರು ಈ ದೇಶದವರೆಲ್ಲ ಮೋಸಗಾರರೆಂಬ ತೀರ್ಮಾನಕ್ಕೆ ಬಂದು, ಸಾಯುವವರೆಗೂ ಅದನ್ನೇ ಹೇಳಿಕೊಂಡಿದ್ದರು. ಮನ್ರೋ ಅದನ್ನು ತನ್ನ ಪೆದ್ದುತನದ ಕಥೆಯಾಗಿ ಹೇಳಿ ನಕ್ಕನು. ಅವನನ್ನು ಉಳಿದವರಿಂದ ಬೇರ್ಪಡಿಸುವ ಮೊದಲ ಗುರುತು ಇದೇ ಎಂದು ನನಗೆ ತೋರುತ್ತದೆ.

ಕಂಪನಿಯ ಅಧಿಕಾರಿಗಳೆಂದರೆ ಆನೆ, ಪಲ್ಲಕ್ಕಿ, ಚಾಮರ ಬೀಸುವ ಆಳುಗಳು ಎಂದು ಕೇಳಿದ್ದೇವೆ. ಮನ್ರೋನ ಬದುಕು ಹಾಗಿತ್ತೇ?

ಅವನ ತಂಗಿಯೂ ಹಾಗೆಯೇ ಎಣಿಸಿದ್ದಳು. 1789ರ ಜನವರಿಯಲ್ಲಿ ಮದರಾಸಿನಿಂದ ಅವಳಿಗೆ ಬರೆದ ಪತ್ರ ಆ ಎಣಿಕೆಗೆ ಉತ್ತರವಾಗಿ ಹುಟ್ಟಿದ್ದು. ನಾನು ಆನೆಯ ಮೇಲಲ್ಲದೆ ಹೊರಗೆ ಹೋಗುವುದಿಲ್ಲ, ರೇಷ್ಮೆಯುಟ್ಟು ಮೆತ್ತೆಗೊರಗಿ ಸಂಗೀತ ಕೇಳುತ್ತಿರುತ್ತೇನೆ ಎಂದು ನೀನು ತಿಳಿದಿರುವೆ; ಆ ಹೊತ್ತಿನಲ್ಲಿ ನಾನು ಹಳೆಯ ಕೋಟು, ಹರಿದ ಅಂಗಿ ತೊಟ್ಟು ನಡುಹಗಲ ಬಿಸಿಲಿನಲ್ಲಿ ನಡೆಯುತ್ತಿರುತ್ತೇನೆ ಎಂಬುದು ಅದರ ಧಾಟಿ. ಹಸಿವು, ಬಾಯಾರಿಕೆ, ದಣಿವು, ಬಡತನ ಇವು ಯಾವುವೂ ಇಂಡಿಯಾಕ್ಕೆ ಬರುವ ಮುನ್ನ ತನಗೆ ಗೊತ್ತಿರಲಿಲ್ಲ, ಬಂದ ಮೇಲೆ ಮೊದಲ ಮೂರು ಆಗಾಗ ಭೇಟಿಯಾದವು, ಕೊನೆಯದು ಜೊತೆ ಬಿಡಲೇ ಇಲ್ಲ ಎಂದು ಅವನು ಬರೆಯುತ್ತಾನೆ.

ಬಳಿಕ ಪುರಾವೆಗಳನ್ನು ಒಂದೊಂದಾಗಿ ಮುಂದಿಡುತ್ತಾನೆ. ಮೊದಲ ಮೂರು ವರ್ಷ ಅವನಿಗೆ ಪುಸ್ತಕವೋ ತೋಟಾ ಚೀಲವೋ ದಿಂಬಾಗಿತ್ತು. ಅಡ್ಡಕೋಲುಗಳ ಮೇಲೆ ಬಿಗಿದ ಕ್ಯಾನ್ವಾಸ್ ಬಟ್ಟೆಯೇ ಹಾಸಿಗೆ. ಊರಿನಿಂದ ತಂದ ದೊಡ್ಡ ಕೋಟು ಚಳಿಗಾಲದಲ್ಲಿ ಹೊದಿಕೆಯಾಗುತ್ತಿತ್ತು: ತೋಳುಗಳೊಳಗೆ ಕಾಲು ತೂರಿಸಿ, ಕೆಳಗಿನ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳುವುದು. ಕೋಟು ಗಿಡ್ಡವಾದ್ದರಿಂದ ತಲೆ ಮುಚ್ಚಿದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ಕುತ್ತಿಗೆ ಹೊರಗೆ. ತಮ್ಮ ಅಲೆಕ್ಸಾಂಡರ್ ಬಂಗಾಳಕ್ಕೆ ಹೊರಟಾಗ ಬಿಟ್ಟುಕೊಟ್ಟ ಮಂಚ ಬಂದ ಮೇಲೆ ಒಂದು ದಿಂಬನ್ನು ಕೊಂಡನು. ಆ ಭಾಗ್ಯದಿಂದ ಸೊಕ್ಕೇರಿ ವೈಭವದಿಂದ ಬಾಳುವೆನೆಂದು ನಿಶ್ಚಯಿಸಿ ಎರಡು ದೊಡ್ಡ ಚಮಚ, ಎರಡು ಚಹಾ ಚಮಚ, ಇನ್ನೊಂದು ಕುರ್ಚಿ, ಒಂದು ಮೇಜು ಕೊಂಡನಂತೆ. ಮೂರು ತಿಂಗಳೊಳಗೆ ಮೂರು ಚಮಚ ಕಳೆದವು, ಒಂದು ಕುರ್ಚಿ ಮುರಿಯಿತು. ವೆಲ್ಲೂರಿನ ಎರಡು ಕೋಣೆಗಳ ಮನೆಯಲ್ಲಿ ತಿಂಗಳಿಗೆ ಮೂರು ಬಾರಿ ಊಟದ ಕೂಟ ನಡೆಯುತ್ತಿತ್ತು. ಆಗ ಮನೆ ಭರ್ಜರಿಯಾಗಿ ಕಾಣುತ್ತದೆ, ಏಕೆಂದರೆ ಬಂದ ಪ್ರತಿಯೊಬ್ಬನೂ ತನ್ನ ಕುರ್ಚಿ, ತಟ್ಟೆಗಳನ್ನು ತಾನೇ ತಂದಿರುತ್ತಾನೆ ಎನ್ನುತ್ತಾನೆ ಮನ್ರೋ.

ಆನೆಯ ಬದಲು ಅವನಿಗಿದ್ದದ್ದು ಒಂದು ಮುದಿ ಕುದುರೆ. ಅದರ ನಿಶ್ಶಕ್ತಿಯಿಂದಾಗಿ ದಾರಿಯ ಮೂರರಲ್ಲಿ ಎರಡು ಪಾಲನ್ನು ಅವನು ನಡೆದೇ ಕ್ರಮಿಸಬೇಕಾಗಿತ್ತು. ವಿಶಾಖಪಟ್ಟಣದಿಂದ ಮಧುರೆಯವರೆಗಿನ 800 ಮೈಲಿಗಳ ಸೀಮೆಯ ಹೆಚ್ಚುಕಡಿಮೆ ಎಲ್ಲ ಭಾಗಗಳನ್ನೂ ಕಾಲ್ನಡಿಗೆಯಲ್ಲಿ ತಿರುಗಿದ್ದೇನೆ ಎಂದು ಅವನು ಹೇಳಿಕೊಳ್ಳುತ್ತಾನೆ. ಪತ್ರದ ತಮಾಷೆಗಳೆಲ್ಲ ಮರೆತರೂ ಈ ಒಂದು ಸಂಗತಿಯನ್ನು ನೆನಪಿಡಬೇಕು. ಪಲ್ಲಕ್ಕಿಯೊಳಗಿಂದ ಕಾಣುವ ನಾಡೇ ಬೇರೆ, ಬಾವಿಯ ಬಳಿ ನಿಂತು ನೀರು ಕೇಳುವವನಿಗೆ ಕಾಣುವ ನಾಡೇ ಬೇರೆ.

ಕಂಪನಿಯ ಸೇವೆಯಲ್ಲಿದ್ದೂ ಅಷ್ಟು ಬಡತನ ಏಕೆ?

ಕಂಪನಿಯಲ್ಲಿ ಹಣ ಮಾಡಿದವರು ಹೆಚ್ಚಾಗಿ ನಾಗರಿಕ ಶಾಖೆಯವರು, ಅಂದರೆ ‘ರೈಟರ್’ ಎಂಬ ಗುಮಾಸ್ತ ಹುದ್ದೆಯಿಂದ ಮೇಲೇರಿದವರು. ಮದರಾಸಿನಲ್ಲಿ ಅವರು ಆರ್ಕಾಟಿನ ನವಾಬ ಮುಹಮ್ಮದ್ ಅಲಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟು, ಅದರ ವಸೂಲಿಗಾಗಿ ಕಂಪನಿಯ ಆಡಳಿತವನ್ನೇ ಬಳಸುತ್ತಿದ್ದರು. 1776ರಲ್ಲಿ ಗವರ್ನರ್ ಪಿಗಟ್‌ನನ್ನು ಅವನ ಮಂಡಲಿಯವರೇ ಸೆರೆಯಲ್ಲಿಟ್ಟು, ಮರುವರ್ಷ ಅವನು ಸೆರೆಯಲ್ಲೇ ಸತ್ತದ್ದರ ಹಿಂದೆಯೂ ಈ ಸಾಲದ ವ್ಯವಹಾರದ ನೆರಳಿತ್ತು. ಸೈನ್ಯದ ಕಿರಿಯ ಅಧಿಕಾರಿಗೆ ಈ ಹೊಳೆಯ ನೀರು ಮುಟ್ಟುತ್ತಿರಲಿಲ್ಲ. ಸಂಬಳ ಕಡಿಮೆ, ಅದೂ ಯುದ್ಧಕಾಲದಲ್ಲಿ ತಿಂಗಳುಗಟ್ಟಲೆ ಬಾಕಿ; ಬಡ್ತಿ ಕೇವಲ ಹಿರಿತನದ ಮೇಲೆ. ಮನ್ರೋ ಲೆಫ್ಟಿನೆಂಟ್ ಆದದ್ದು 1786ರಲ್ಲಿ. ಅದರ ಮೇಲೆ ಅವನೂ ತಮ್ಮನೂ ಸೇರಿ, ದಿವಾಳಿಯಾಗಿದ್ದ ತಂದೆಗೆ ಹಣ ಕಳುಹಿಸುತ್ತಿದ್ದರು. ಚಮಚದ ತಮಾಷೆಯ ಹಿಂದಿನ ಲೆಕ್ಕ ಇದು.

ಯುದ್ಧದ ಮೊದಲ ಅನುಭವ ಹೇಗಿತ್ತು?

ಸೋಲಿನದು, ಅದೂ ಸಾಮಾನ್ಯ ಸೋಲಲ್ಲ. ಮನ್ರೋ ಬಂದ ಆರೇ ತಿಂಗಳಲ್ಲಿ, 1780ರ ಜುಲೈಯಲ್ಲಿ, ಹೈದರಾಲಿ ಘಟ್ಟವಿಳಿದು ಕರ್ನಾಟಿಕ್ ಸೀಮೆಗೆ, ಅಂದರೆ ಆರ್ಕಾಟಿನ ನವಾಬನ ನಾಡಿಗೆ, ನುಗ್ಗಿದನು. ಮೈಸೂರಿನ ಕುದುರೆ ಸವಾರರು ಮದರಾಸಿನ ಹೊರವಲಯದವರೆಗೂ ಬಂದುಹೋದರು. ಆ ಹೊತ್ತಿನಲ್ಲಿ ಕಂಪನಿಯ ಸರ್ಕಾರ ಯಾವುದಕ್ಕೂ ಸಿದ್ಧವಾಗಿರಲಿಲ್ಲ: ಸೈನ್ಯ ಚದುರಿತ್ತು, ದವಸವಿರಲಿಲ್ಲ, ಬಂಡಿ ಎತ್ತುಗಳಿರಲಿಲ್ಲ.

ಮುಖ್ಯ ಸೈನ್ಯ ಸರ್ ಹೆಕ್ಟರ್ ಮನ್ರೋನ ಕೈಕೆಳಗೆ ಕಾಂಚೀಪುರದಲ್ಲಿತ್ತು. (ಹೆಕ್ಟರ್ ಮನ್ರೋ ಬಕ್ಸರ್ ಯುದ್ಧದ ಹಳೆಯ ಸೇನಾನಿ, ನಮ್ಮ ಮನ್ರೋ ಅವನ ಸೈನ್ಯದ ಒಬ್ಬ ಎಳೆಯ ಅಧಿಕಾರಿ. ಇಬ್ಬರನ್ನು ಒಬ್ಬನೇ ಎಂದು ಬರೆದಿರುವುದನ್ನು ಆಗಾಗ ಕಾಣುತ್ತೇವೆ.) ಉತ್ತರದಿಂದ ಬರುತ್ತಿದ್ದ ಕರ್ನಲ್ ಬೇಯ್ಲಿಯ ತುಕಡಿ ಅದನ್ನು ಕೂಡಿಕೊಳ್ಳಬೇಕಾಗಿತ್ತು. ಸೆಪ್ಟೆಂಬರ್ 10ರಂದು, ಕಾಂಚೀಪುರ ಇನ್ನು ಕೆಲವೇ ಮೈಲಿ ಇದೆ ಎನ್ನುವಾಗ, ಪೊಳ್ಳಿಲೂರಿನ ಬಳಿ ಟಿಪ್ಪುವೂ ಹೈದರನೂ ಆ ತುಕಡಿಯನ್ನು ಸುತ್ತುವರಿದರು. ಮದ್ದಿನ ಬಂಡಿಗಳು ಸಿಡಿದು ತುಕಡಿ ನಾಶವಾಯಿತು, ಬದುಕುಳಿದವರು ಸೆರೆಯಾದರು. ಮುಖ್ಯ ಸೈನ್ಯ ಗುಂಡಿನ ಸದ್ದು ಕೇಳುವಷ್ಟು, ಹೊಗೆ ಕಾಣುವಷ್ಟು ಹತ್ತಿರವಿದ್ದೂ ಹೊತ್ತಿಗೆ ತಲುಪಲಿಲ್ಲ. ಬಳಿಕ ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ತಳ್ಳಿ, ಮೈಸೂರು ಸವಾರರ ಕಾಟದ ನಡುವೆಯೇ ಚೆಂಗಲ್ಪಟ್ಟಿನ ಕಡೆಗೆ ಹಿಮ್ಮೆಟ್ಟಿತು.

ಹತ್ತೊಂಬತ್ತರ ಮನ್ರೋ ಆ ಹಿಮ್ಮೆಟ್ಟಿಕೆಯಲ್ಲಿದ್ದನು. ಕೆಲವೇ ವಾರಗಳಲ್ಲಿ ತಂದೆಗೆ ಬರೆದ ವರದಿಯಲ್ಲಿ ವೀರಾವೇಶವಿಲ್ಲ. ಯಾವ ದಳ ಎಲ್ಲಿತ್ತು, ಯಾವ ಅಪ್ಪಣೆ ತಡವಾಯಿತು, ಎಲ್ಲಿ ನಿರ್ಧಾರ ತಪ್ಪಿತು ಎಂಬುದನ್ನು ಅವನು ಲೆಕ್ಕ ಪರಿಶೋಧಕನಂತೆ ಬರೆಯುತ್ತಾನೆ. ಗ್ಲಾಸ್ಗೋದ ವರ್ತಕರ ಕಚೇರಿಯಲ್ಲಿ ಕಲಿತದ್ದು ಇಲ್ಲಿ ಒದಗಿತು. ಮುಂದೆ ಸರ್ ಐರ್ ಕೂಟ್‌ನ ಸೈನ್ಯದಲ್ಲಿ ಪೋರ್ಟೊ ನೊವೊ, ಶೋಳಿಂಗೂರು ಮೊದಲಾದ 1781ರ ಕಾಳಗಗಳಲ್ಲೂ, 1783ರಲ್ಲಿ ಕಡಲೂರಿನಲ್ಲೂ ಅವನು ಇದ್ದನು. 1784ರ ಮಂಗಳೂರು ಒಪ್ಪಂದದೊಡನೆ ಆ ಯುದ್ಧ ಮುಗಿಯಿತು.

ಆ ಯುದ್ಧದಲ್ಲಿ ಜನಸಾಮಾನ್ಯರ ಪಾಡೇನು?

ಹೈದರನ ಸೈನ್ಯ ಕಂಪನಿಗೆ ದವಸ ಸಿಗಬಾರದೆಂದು ಹಳ್ಳಿಗಳನ್ನು ಸುಟ್ಟಿತು; ಕಂಪನಿಯ ಸೈನ್ಯವೂ ನಡೆದಲ್ಲೆಲ್ಲ ಸಿಕ್ಕಿದ್ದನ್ನು ಕಿತ್ತು ತಿಂದಿತು. ಹಳ್ಳಿಗರು ಮದರಾಸಿಗೆ ಓಡಿ ಬಂದರು. 1782ರ ಹೊತ್ತಿಗೆ ಅಲ್ಲಿ ಘೋರ ಕ್ಷಾಮ. ನಗರದ ಮಣೆಗಾರ್ ಛತ್ರ ಹುಟ್ಟಿಕೊಂಡದ್ದು ಆಗ ಗಂಜಿ ಹಾಕುವ ಕೇಂದ್ರವಾಗಿ. ಮನ್ರೋ ಮುಂದೆ ರೈತನ ಕಂದಾಯದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡುದರ ಬೇರು ಇಲ್ಲಿದೆ ಎಂದು ಹೇಳುವುದು ಸುಲಭ. ನಾನು ಅಷ್ಟು ದೂರ ಹೋಗಲಾರೆ. ಆಗಿನ ಅವನ ಪತ್ರಗಳ ಗಮನವೆಲ್ಲ ಸೈನ್ಯಗಳ ಚಲನೆಯ ಮೇಲೆಯೇ. ರೈತನು ಅವನ ಬರಹದ ನಡುವಿಗೆ ಬರುವುದು 1792ರ ನಂತರ, ಬಾರಾಮಹಲಿನಲ್ಲಿ (ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಸೀಮೆ) ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸ ಹಿಡಿದ ಮೇಲೆ.

ಮೈಸೂರನ್ನು ಅವನು ಹೇಗೆ ಕಂಡನು? ದ್ವೇಷದಿಂದಲೇ?

ಕನ್ನಡ ಓದುಗರಿಗೆ ಅತ್ಯಂತ ಕುತೂಹಲದ ಭಾಗ ಇದು. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಹೈದರಾಲಿಯೂ ಟಿಪ್ಪುವೂ ಬರಿಯ ಕ್ರೂರಿಗಳಾಗಿ ಬರುತ್ತಾರೆ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾಗಿ ಬಂದವರ ಕಥೆಗಳು ಆ ಚಿತ್ರವನ್ನು ಇನ್ನೂ ಗಾಢವಾಗಿಸಿದವು. ಮನ್ರೋ 1790ರ ಆರಂಭದ ಪತ್ರವೊಂದರಲ್ಲಿ ಬರೆದದ್ದು ಬೇರೆ. ಮೈಸೂರಿನದು ಜಗತ್ತಿನಲ್ಲೇ ಅತ್ಯಂತ ಸರಳವೂ ನಿರಂಕುಶವೂ ಆದ ಅರಸೊತ್ತಿಗೆ. ಅದರ ಒಂದೊಂದು ಇಲಾಖೆಯಲ್ಲೂ ಹೈದರನ ಪ್ರತಿಭೆ ತಂದ ಕ್ರಮಬದ್ಧತೆ ಇದೆ. ಹುಟ್ಟಿನ ಹಿರಿಮೆಗೆ ಅಲ್ಲಿ ಬೆಲೆಯಿಲ್ಲ. ನ್ಯಾಯ ಕಠಿಣವಾದರೂ ಪಕ್ಷಪಾತವಿಲ್ಲದ್ದು. ಹೊಣೆಯ ಹುದ್ದೆಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲೆ ಬಂದವರೇ ಇದ್ದಾರೆ. ಆದ್ದರಿಂದ ಇಂಡಿಯಾದಲ್ಲಿ ಹಿಂದೆಂದೂ ಕಾಣದ ಕಸುವು ಆ ಸರ್ಕಾರಕ್ಕಿದೆ ಎಂಬುದು ಅದರ ಸಾರ.

ಇದನ್ನು ಮೆಚ್ಚುಗೆ ಎಂದಷ್ಟೇ ಓದಿ ಸಂತೋಷಪಡುವವರು ಪತ್ರದ ಉದ್ದೇಶವನ್ನು ಮರೆಯುತ್ತಾರೆ. ಮನ್ರೋನ ವಾದ ಹೀಗಿತ್ತು: ಇಷ್ಟು ಬಲವಾದ ರಾಜ್ಯವನ್ನು ಮರಾಠರ ಎದುರು ತೂಕಕ್ಕೆ ಉಳಿಸಿಕೊಳ್ಳುವುದು ಮೂರ್ಖತನ, ಅದನ್ನು ಮುರಿಯಲೇಬೇಕು. ಮುಂದಿನ ಮೈಸೂರು ಯುದ್ಧದ ಕೊನೆಗೆ, 1792ರಲ್ಲಿ, ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿಗೆ ಅರ್ಧ ರಾಜ್ಯ ಬಿಟ್ಟುಕೊಟ್ಟಾಗ ಅವನು ಅದನ್ನು ಕಟುವಾಗಿ ಟೀಕಿಸಿದನು. ಎದುರಾಳಿಯನ್ನು ಕೀಳಾಗಿ ಕಾಣದಿರುವುದು, ಎದುರಾಳಿಯ ನಾಶವನ್ನು ಬಯಸುವುದು ಎರಡೂ ಒಂದೇ ತಲೆಯಲ್ಲಿದ್ದವು. ಪೊಳ್ಳಿಲೂರಿನ ಹೊಗೆ ಕಂಡವನಿಗೆ ಮೈಸೂರನ್ನು ಹಗುರವಾಗಿ ಎಣಿಸುವ ಸೌಕರ್ಯವಿರಲಿಲ್ಲ. ಕಂಪನಿ ಗೆಲ್ಲುತ್ತಿದ್ದ ವರ್ಷದಲ್ಲಿ ಬಂದಿಳಿದಿದ್ದರೆ ಅವನೂ ಉಳಿದವರಂತೆಯೇ ಬರೆಯುತ್ತಿದ್ದನೇನೋ.

ಭಾಷೆಗಳನ್ನು ಕಲಿತನೇ?

ಶಾಂತಿಯ ವರ್ಷಗಳಲ್ಲಿ ಹಿಂದೂಸ್ತಾನಿ, ಪಾರಸಿಗಳನ್ನು ಶ್ರದ್ಧೆಯಿಂದ ಕಲಿತನು. ಬಾಲ್ಯದಲ್ಲಿ ‘ಡಾನ್ ಕ್ವಿಕ್ಸೋಟ್’ ಓದುವುದಕ್ಕೆಂದೇ ಸ್ಪ್ಯಾನಿಷ್ ಕಲಿತಿದ್ದವನಿಗೆ ಇದು ಕಷ್ಟವಾಗಲಿಲ್ಲ. ಪಾರಸಿ ಹಸ್ತಪ್ರತಿಯೊಂದರಲ್ಲಿ, ಸಾಲಕ್ಕೆ ಈಡಾಗಿ ಮೈಯ ಮಾಂಸವನ್ನು ಒತ್ತೆಯಿಟ್ಟವನ ಕಥೆ ಸಿಕ್ಕಿ, ಷೇಕ್ಸ್‌ಪಿಯರನ ಶೈಲಾಕ್‌ನನ್ನು ಹೋಲುತ್ತದೆಂದು ಅದನ್ನು ಅನುವಾದಿಸಿ ಕಳುಹಿಸಿದನು. ಅದು 1790ರಲ್ಲಿ ಎಡ್ಮಂಡ್ ಮಲೋನ್ ಹೊರತಂದ ಷೇಕ್ಸ್‌ಪಿಯರ್ ಆವೃತ್ತಿಯಲ್ಲಿ ಸೇರಿತು. 1788ರಲ್ಲಿ ಗೂಢಚಾರ ಇಲಾಖೆಗೆ ಅವನನ್ನು ಆರಿಸಿಕೊಂಡಾಗ, ಬಳಿಕ ಕಂದಾಯದ ಕೆಲಸಕ್ಕೆ ಕರೆದಾಗ ನೆರವಾದದ್ದು ಈ ಭಾಷಾಜ್ಞಾನವೇ.

ಅವನ ಪತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಘಟನೆಗಳ ವಿಷಯದಲ್ಲಿ ಬಹುಮಟ್ಟಿಗೆ ನಂಬಬಹುದು. ಬಡತನದ ವಿಷಯದಲ್ಲಿ ಸ್ವಲ್ಪ ತಡೆದು ನಂಬಬೇಕು. ತಂಗಿಯನ್ನು ನಗಿಸಲು ಬರೆದ ಪತ್ರದಲ್ಲಿ ಉತ್ಪ್ರೇಕ್ಷೆ ಸಹಜ. ಒಂದೇ ಕುರ್ಚಿಯಿದ್ದ ಕಿರಿಯ ಅಧಿಕಾರಿಗೂ ಆ ಕಾಲದಲ್ಲಿ ಆಳುಗಳಿರುತ್ತಿದ್ದರು. ಅವರು ಎಲ್ಲಿ ಮಲಗಿದರು, ಅವರಿಗೆ ದಿಂಬಿತ್ತೇ ಎಂಬುದು ಪತ್ರದಲ್ಲಿ ಬರುವುದಿಲ್ಲ. ಅವನೊಡನೆ ನಡೆದ, ಹಸಿದ, ಸತ್ತ ಸಿಪಾಯಿಗಳೂ ಹೆಚ್ಚಾಗಿ ಸಂಖ್ಯೆಯಾಗಿಯೇ ಬರುತ್ತಾರೆ, ಹೆಸರಾಗಿ ಅಲ್ಲ. ಪತ್ರಗಳು ಅಚ್ಚಾದದ್ದು ಅವನ ಮರಣಾನಂತರ, 1830ರಲ್ಲಿ, ಅವನನ್ನು ಮೆಚ್ಚಿದ ಜೀವನಚರಿತ್ರೆಕಾರನ ಆಯ್ಕೆಯಲ್ಲಿ ಎಂಬುದನ್ನೂ ಗಮನದಲ್ಲಿಡಬೇಕು.

ಕನ್ನಡ ನಾಡಿನಲ್ಲಿ ಅವನ ಮೊದಲ ಆಡಳಿತದ ಅನುಭವ ಯಾವುದು?

ಟಿಪ್ಪುವಿನ ಪತನದ ಬಳಿಕ, 1799ರಲ್ಲಿ ಅವನನ್ನು ಕೆನರಾ ಜಿಲ್ಲೆಗೆ, ಅಂದರೆ ಇಂದಿನ ದಕ್ಷಿಣ ಮತ್ತು ಉತ್ತರ ಕನ್ನಡಗಳನ್ನು ಒಳಗೊಂಡ ಕರಾವಳಿಗೆ, ಕಲೆಕ್ಟರ್ ಆಗಿ ಕಳುಹಿಸಿದರು. ಆಗ ಅವನು ಹೊಸಬನಲ್ಲ. ಆದರೂ ಅಲ್ಲಿನ ಮಳೆಯ ಬಗ್ಗೆ ಹೊಸಬನಂತೆಯೇ ಗೊಣಗಿ, ಒಂದೂವರೆ ವರ್ಷದೊಳಗೆ ವರ್ಗ ಮಾಡಿಸಿಕೊಂಡನು. ರೈತರು ಒಗ್ಗಟ್ಟಾಗಿ ಅವನ ಕಂದಾಯದ ಲೆಕ್ಕಕ್ಕೆ ಬೆನ್ನು ತಿರುಗಿಸಿದ್ದೂ ಆ ಅಸಮಾಧಾನಕ್ಕೆ ಕಾರಣವಿರಬೇಕು. ಗೊಣಗಾಟದ ನಡುವೆಯೇ 1800ರಲ್ಲಿ ಬರೆದ ವರದಿಯಲ್ಲಿ ಕರಾವಳಿಯ ಭೂಮಿ ಖಾಸಗಿ ಸ್ವತ್ತೆಂಬುದನ್ನು ಗುರುತಿಸಿ, ಅಲ್ಲಿನ ಕಂದಾಯದ ಹಿನ್ನೆಲೆಯನ್ನು ವಿಜಯನಗರದ ಹರಿಹರನ ಕಾಲದವರೆಗೂ ಒಯ್ದನು.

ಮಂತ್ರಾಲಯದ ಕಥೆ ಈ ಕಾಲದ್ದೇ?

ಅಲ್ಲ. ರಾಯರು ಬೃಂದಾವನದಿಂದ ಎದ್ದು ಬಂದು ಮನ್ರೋನೊಬ್ಬನಿಗೇ ಕಾಣಿಸಿಕೊಂಡು ಮಠದ ಇನಾಮಿನ ಬಗ್ಗೆ ಮಾತನಾಡಿದರೆಂಬ ಐತಿಹ್ಯ ಅವನು 1800ರಿಂದ 1807ರ ವರೆಗೆ ಬಳ್ಳಾರಿ, ಅನಂತಪುರ, ಕಡಪಾ, ಕರ್ನೂಲುಗಳ ದತ್ತಮಂಡಲದಲ್ಲಿದ್ದ (ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆ) ಕಾಲಕ್ಕೆ ಸೇರಿದ್ದು.

ಮೊದಲ ದಶಕದ ಅಭಿಪ್ರಾಯಗಳು ಮುಂದೆ ಉಳಿದವೇ?

ಕೆಲವು ಉಳಿದವು. ಕಂಪನಿಯ ಸನ್ನದಿನ ನವೀಕರಣದ ಚರ್ಚೆಯಲ್ಲಿ, 1813ರಲ್ಲಿ, ಅವನು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಒಳ್ಳೆಯ ಬೇಸಾಯ, ಸರಿಸಾಟಿಯಿಲ್ಲದ ಕೈಕಸುಬು, ಹಳ್ಳಿಹಳ್ಳಿಯ ಶಾಲೆ, ಅತಿಥಿಸತ್ಕಾರ ಇವುಗಳನ್ನು ಎಣಿಸಿ, ನಾಗರಿಕತೆಯೇ ವ್ಯಾಪಾರದ ಸರಕಾದರೆ ಆಮದಿನಿಂದ ಲಾಭವಾಗುವುದು ಇಂಗ್ಲೆಂಡಿಗೇ ಎಂದನು. ಮದರಾಸಿನ ಗವರ್ನರ್ ಆಗಿ 1824ರಲ್ಲಿ ಬರೆದ ದೀರ್ಘ ಟಿಪ್ಪಣಿಯಲ್ಲಿ, ಮೇಲಿನ ಹುದ್ದೆಗಳಿಂದ ಇಲ್ಲಿನವರನ್ನು ದೂರವಿಟ್ಟರೆ ಒಂದು ಜನಾಂಗದ ಶೀಲವೇ ಕುಗ್ಗುತ್ತದೆ ಎಂದು ವಾದಿಸಿದನು. ಕೆಳಗಿನಿಂದ ಬಂದವರಿಗೆ ಹೊಣೆ ಕೊಟ್ಟ ಮೈಸೂರಿನ ಬಗ್ಗೆ ತರುಣನಾಗಿ ಬರೆದದ್ದರೊಡನೆ ಇದನ್ನು ಇಟ್ಟು ಓದಬೇಕು. ಆದರೆ ಅದೇ ಮನುಷ್ಯನು ಆ ಹುದ್ದೆಗಳನ್ನು ಕೊಡುವ ಅಧಿಕಾರ ಕಂಪನಿಯ ಕೈಯಲ್ಲೇ ಇರಬೇಕೆಂಬುದನ್ನು ತನ್ನ ಕಾಲಕ್ಕಂತೂ ಸಂದೇಹಿಸಲಿಲ್ಲ.

ಆ ಕಾಲದ ಕುರುಹುಗಳನ್ನು ಇಂದು ಎಲ್ಲಿ ನೋಡಬಹುದು?

ಚೆನ್ನೈಯಲ್ಲಿ ಸೇಂಟ್ ಜಾರ್ಜ್ ಕೋಟೆಯಿದೆ. ಮೌಂಟ್ ರೋಡಿನ (ಇಂದಿನ ಅಣ್ಣಾ ಸಾಲೈ) ಬಳಿ ಕುದುರೆಯೇರಿದ ಮನ್ರೋನ ಕಂಚಿನ ಪ್ರತಿಮೆಯಿದೆ, ತಡಿ ರಿಕಾಪುಗಳಿಲ್ಲದ ಆ ಕುದುರೆ ಅವನ ಮುದಿ ಕುದುರೆಯನ್ನಂತೂ ಹೋಲುವುದಿಲ್ಲ. 1827ರ ಜುಲೈ 6ರಂದು ಅವನು ಕಾಲರಾದಿಂದ ತೀರಿಕೊಂಡ ಪತ್ತಿಕೊಂಡ ಇಂದಿನ ಆಂಧ್ರಪ್ರದೇಶದಲ್ಲಿದೆ. ಪೊಳ್ಳಿಲೂರನ್ನು ನೋಡಬೇಕಾದವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋಗಬೇಕು. ಅಲ್ಲಿನ ಗೋಡೆಯ ಮೇಲೆ, ಸುತ್ತುವರಿದ ಸೈನ್ಯದ ನಡುವೆ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯ ಚಿತ್ರವಿದೆ. ಅದನ್ನು ಗೆದ್ದವರು ಬರೆಯಿಸಿದರು. ಮನ್ರೋನ ಪತ್ರವನ್ನೂ ಓದಿಕೊಂಡು ಹೋದರೆ ಸೋತವರ ಕಡೆಯ ನಕ್ಷೆಯೂ ಕೈಯಲ್ಲಿರುತ್ತದೆ.